ಮೂರು ತಿಂಗಳ ಸರಾಸರಿಯವರ ಸನ್ನಿಧಾನಕ್ಕೆ

ಇವರಿಗೆ,
ಶ್ರೀಮಾನ್ ಎಚ್‌ಬಿಎ1ಸಿ ಅವರು,
‘ಮೂರು ತಿಂಗಳ ಸರಾಸರಿ’ ಎಂದೇ ಲೋಕಪ್ರಸಿದ್ಧರು,
ಲ್ಯಾಬ್ ರಿಪೋರ್ಟು, ಪುಟ ಎರಡು, ದಪ್ಪಕ್ಷರದ ಸಾಲು.

ವಿಷಯ: ತಮ್ಮ ಘನ ಆಡಳಿತದಲ್ಲಿ ಪ್ರಜೆಯ ಮನಸ್ಸಿಗೂ ಒಂದು ಕಾಲಂ ಒದಗಿಸಿಕೊಡುವ ಕುರಿತು.

ಪೂಜ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಕುಮಾರಸ್ವಾಮಿ ಲೇಔಟ್ ಎರಡನೇ ಹಂತದ ಖಾಯಂ ನಿವಾಸಿಯೂ ತಮ್ಮ ಇತ್ತೀಚಿನ ಭಕ್ತೆಯೂ ಆದ ನಾನು ತಮ್ಮಲ್ಲಿ ಸವಿನಯವಾಗಿ ಬಿನ್ನವಿಸಿಕೊಳ್ಳುವುದೇನೆಂದರೆ, ನಾವಿಲ್ಲಿ ಒಂದು ಮಟ್ಟಿಗೆ ಕ್ಷೇಮ. ತಮ್ಮ ಕ್ಷೇಮವನ್ನು ಯಾವ ದಿಕ್ಕಿನಲ್ಲಿ ಹಾರೈಸಬೇಕೋ ತಿಳಿಯದೆ ಆ ವಾಕ್ಯವನ್ನು ಕೈಬಿಟ್ಟಿದ್ದೇನೆ. ತಾವು ಏರಿದರೆ ನಮ್ಮ ಮನೆಯಲ್ಲಿ ಸೂತಕ, ಇಳಿದರೆ ಸಂಭ್ರಮ. ಸಂಭ್ರಮಕ್ಕೆಂದು ಸಿಹಿ ಮಾಡುವ ಹಾಗಿಲ್ಲ, ಅದು ಬೇರೆ ಮಾತು.

ಮೊದಲು ತಮ್ಮ ಔದಾರ್ಯಕ್ಕೆ ಕೈಮುಗಿಯುತ್ತೇನೆ. ಫಾಸ್ಟಿಂಗ್ ಎಂಬ ತಮ್ಮ ದಾಯಾದಿಯನ್ನು ಕಾಣಲು ರಾತ್ರಿಯಿಡೀ ಉಪವಾಸ ಮಾಡಬೇಕು. ಪಿಪಿ ಎಂಬ ಇನ್ನೊಬ್ಬರ ದರ್ಶನವಾಗಬೇಕಾದರೆ ಖಾಲಿ ಹೊಟ್ಟೆಯಲ್ಲಿ ಒಮ್ಮೆ ರಕ್ತ ಕೊಟ್ಟು, ಪಕ್ಕದ ದರ್ಶಿನಿಗೆ ಹೋಗಿ ಎರಡು ಇಡ್ಲಿ ನಿಂತೇ ತಿಂದು, ಲ್ಯಾಬಿನ ಪ್ಲಾಸ್ಟಿಕ್ ಕುರ್ಚಿಗೆ ಮರಳಿ ಎರಡು ಗಂಟೆ ಕಾದು, ಇನ್ನೊಂದು ತೋಳು ಚಾಚಬೇಕು. ಆ ಎರಡು ಗಂಟೆ ಅಲ್ಲಿ ಯಾರೂ ಮಾತಾಡುವುದಿಲ್ಲ. ಎಲ್ಲರೂ ಹತ್ತಿ ಒತ್ತಿದ ಮೊಣಕೈ ಮಡಚಿಕೊಂಡು, ಗೋಡೆ ಗಡಿಯಾರ ನೋಡುತ್ತ, ಇಡ್ಲಿಯ ಜೊತೆ ವಡೆಯನ್ನೂ ತಿಂದದ್ದು ನಂಬರಿನಲ್ಲಿ ಬರುತ್ತದೋ ಇಲ್ಲವೋ ಎಂದು ಒಳಗೊಳಗೇ ಲೆಕ್ಕ ಹಾಕುತ್ತಿರುತ್ತಾರೆ. ತಮಗೆ ಇಂಥ ಯಾವ ಮಡಿಯೂ ಬೇಡ. ಉಂಡು ಬಂದರೂ ಸರಿ, ಹಸಿದು ಬಂದರೂ ಸರಿ. ಕೆಂಪು ರಕ್ತಕಣ ಬದುಕುವುದು ಸುಮಾರು 120 ದಿನ. ಅಷ್ಟು ದಿನ ಅದಕ್ಕೆ ಅಂಟಿಕೊಂಡ ಸಕ್ಕರೆಯನ್ನೆಲ್ಲ ಕೂಡಿ, ಭಾಗಿಸಿ, ದಶಮಾಂಶ ಸಮೇತ ತಾವು ಒಪ್ಪಿಸುತ್ತೀರಿ. ಹಿಂದಿನ ದಿನ ಹಾಗಲಕಾಯಿ ತಿಂದು ಬಂದವರ ನಾಟಕ ತಮ್ಮ ಮುಂದೆ ನಡೆಯುವುದಿಲ್ಲ.

1968ರಲ್ಲಿ ಟೆಹರಾನಿನ ವಿಜ್ಞಾನಿ ಸ್ಯಾಮ್ಯುಯೆಲ್ ರಹಬರ್ ಅವರು ಮಧುಮೇಹಿಗಳ ರಕ್ತದಲ್ಲಿ ತಾವು ಉಳಿದವರ ರಕ್ತದಲ್ಲಿರುವುದಕ್ಕಿಂತ ಹೆಚ್ಚಾಗಿ ಕುಳಿತಿರುವುದನ್ನು ಲೋಕಕ್ಕೆ ತಿಳಿಸಿದರು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ‘6.5 ಮುಟ್ಟಿದರೆ ಮಧುಮೇಹ’ ಎಂದು ತೀರ್ಪು ಕೊಡುವ ಅಧಿಕಾರವನ್ನೂ ತಮಗೆ ದಯಪಾಲಿಸಿತು. ನಾನು ತಮ್ಮ ಗಮನಕ್ಕೆ ಬಂದದ್ದು 9.2ರಲ್ಲಿ. ಓದುವ ಕಾಲದಲ್ಲಿ ಯಾವ ವಿಷಯದಲ್ಲೂ ನೂರಕ್ಕೆ ಇಷ್ಟು ಕಡಿಮೆ ತೆಗೆದು ಇಷ್ಟು ಬೈಸಿಕೊಂಡವಳಲ್ಲ.

ತಮ್ಮ ಮೊದಲ ದರ್ಶನ ಆದದ್ದು ನನಗಲ್ಲ, ನಮ್ಮನೆಯವರ ಮೊಬೈಲಿಗೆ. ಅವರು ಅಕ್ಕರೆಯಿಂದ ಆ ಪಿಡಿಎಫ್ ಅನ್ನು ಕುಟುಂಬದ ವಾಟ್ಸ್ಯಾಪ್ ಗುಂಪಿಗೆ ಹಾಕಿದರು. ನಾನು ಸಾರಿಗೆ ಒಗ್ಗರಣೆ ಕೊಡುವಷ್ಟರಲ್ಲಿ ಶಿವಮೊಗ್ಗದ ಅತ್ತಿಗೆಯಿಂದ ನ್ಯೂಜೆರ್ಸಿಯ ಮೈದುನನವರೆಗೆ ಎಲ್ಲರಿಗೂ ನನ್ನ ಅಂಕ ತಿಳಿದಿತ್ತು. ಅವರೆಲ್ಲರ ಪ್ರೀತಿಗೆ ನಾನು ಚಿರಋಣಿ. ಅತ್ತಿಗೆ ಇನ್ಸುಲಿನ್ ಗಿಡದ ಎಲೆ ಅಗಿಯಲು ಹೇಳಿದರು. ಓರಗಿತ್ತಿ ನೇರಳೆ ಬೀಜದ ಪುಡಿ ಕಳಿಸಿದಳು. ಎದುರುಮನೆ ಆಂಟಿ ಬೆಳಿಗ್ಗೆ ಆರಕ್ಕೇ ಹಾಗಲಕಾಯಿ ಜ್ಯೂಸಿನ ಲೋಟ ಹಿಡಿದು ಗೇಟಿನ ಬಳಿ ನಿಂತು, ನಾನು ಕೊನೆಯ ಗುಟುಕು ನುಂಗುವವರೆಗೂ ಕದಲಲಿಲ್ಲ. ಅನ್ನ ಬಿಟ್ಟು ಸಿರಿಧಾನ್ಯ ಹಿಡಿಯಿರಿ ಎಂದರು ಒಬ್ಬರು. ಸಿರಿಧಾನ್ಯ ಎಂದು ತಟ್ಟೆ ತುಂಬ ತಿಂದರೆ ಅದೂ ಅಷ್ಟೇ ಎಂದರು ಇನ್ನೊಬ್ಬರು. ಎರಡನೆಯವರು ಹೇಳಿದ್ದೇ ನಿಜ ಎಂದು ಡಯಟಿಷಿಯನ್ ನಂತರ ತಿಳಿಸಿದರು. ನುಣ್ಣಗೆ ಬೀಸಿದ ರಾಗಿಯ ಗಂಜಿಯೂ ಬೇಗನೇ ಶುಗರ್ ಏರಿಸಬಲ್ಲದಂತೆ. ರಾಗಿಯನ್ನೂ ಅನುಮಾನದಿಂದ ನೋಡುವ ಕಾಲ ಬಂತಲ್ಲ ಎಂದು ಅಂದು ನನಗೆ ನಿಜಕ್ಕೂ ದುಃಖವಾಯಿತು.

ತಮ್ಮ ದೆಸೆಯಿಂದ ನನಗೆ ಸಮಾಜದಲ್ಲಿ ಸಿಕ್ಕಿರುವ ರಕ್ಷಣೆಯನ್ನೂ ಮರೆಯುವಂತಿಲ್ಲ. ಕನಕಪುರ ರಸ್ತೆಯ ಛತ್ರವೊಂದರಲ್ಲಿ ಮದುವೆ ಊಟ. ಹೋಳಿಗೆ ಬಡಿಸುವ ಹುಡುಗ ನನ್ನ ಎಲೆಯ ಮುಂದೆ ಬಗ್ಗಿದನೋ ಇಲ್ಲವೋ, ನಾಲ್ಕು ಎಲೆ ಆಚೆಯಿಂದ ದೊಡ್ಡ ಗಂಟಲಲ್ಲಿ ‘ಏಯ್, ಅವ್ರಿಗೆ ಶುಗರ್ರು, ಹಾಕ್ಬೇಡಪ್ಪಾ!’ ಎಂಬ ಕೂಗು ಬಂತು. ಇಡೀ ಪಂಕ್ತಿ ನನ್ನತ್ತ ಕರುಣೆಯಿಂದ ನೋಡಿತು. ಹುಡುಗ ತಪ್ಪಿತಸ್ಥನಂತೆ ಮುಂದೆ ಸರಿದ. ಆಮೇಲೆ ಅದೇ ಎಲೆಗೆ ಅನ್ನ ಮೂರು ಸಲ ಬಂತು, ಯಾರೂ ಕೂಗಲಿಲ್ಲ. ಅನ್ನಕ್ಕೂ ತಮಗೂ ಇರುವ ನೆಂಟಸ್ತಿಕೆ ನಮ್ಮ ಬಂಧುಗಳಿಗೆ ಇನ್ನೂ ಗೊತ್ತಾಗಿಲ್ಲ. ದಯವಿಟ್ಟು ಹೇಳಬೇಡಿ, ನಾನು ಆಮೇಲೆ ಮದುವೆಗಳಲ್ಲಿ ನೀರು ಮಾತ್ರ ಕುಡಿದು ಬರಬೇಕಾದೀತು.

ತಮಗೆ ಬೇಸರವಾಗದಿದ್ದರೆ ಪಂಚಾಂಗದ ಬಗ್ಗೆಯೂ ಒಂದು ಮಾತು. ಸಂಕ್ರಾಂತಿಗೆ ಎಳ್ಳುಬೆಲ್ಲ, ಸಕ್ಕರೆ ಅಚ್ಚು; ಯುಗಾದಿಗೆ ಹೋಳಿಗೆ; ರಾಮನವಮಿಗೆ ಪಾನಕ; ಗೌರಿ ಗಣೇಶಕ್ಕೆ ಕಡುಬು; ನವರಾತ್ರಿಗೆ ದಿನಕ್ಕೊಂದು ನೈವೇದ್ಯ; ಆಮೇಲೆ ದೀಪಾವಳಿ. ಇವುಗಳ ಮಧ್ಯೆ ತಾವು ಕೆಳಗಿಳಿಯಲು ಅನುಕೂಲವಾಗುವ ಮೂರು ತಿಂಗಳನ್ನು ಎಲ್ಲಿಂದ ತರಲಿ? ಆಷಾಢವೊಂದಿದೆ, ಅದೂ ಒಂದೇ ತಿಂಗಳು. ರಿಪೋರ್ಟಿನಲ್ಲಿ ಹಿಂದಿನ ತಿಂಗಳಿನ ಪಾಲೇ ಸುಮಾರು ಅರ್ಧ ಇರುತ್ತದೆ ಎಂಬ ಗುಟ್ಟು ತಿಳಿದ ದಿನ ನನಗೆ ಆದ ಆನಂದ ಅಷ್ಟಿಷ್ಟಲ್ಲ. ಪರೀಕ್ಷೆಯ ಹಿಂದಿನ ವಾರ ಓದಿ ಪಾಸಾದ ಜನ್ಮ ನಮ್ಮದು. ಕಬ್ಬಿಣದಂಶ ಕಡಿಮೆ ಇರುವವರಲ್ಲಿ ತಾವು ಇರುವುದಕ್ಕಿಂತ ಕೊಂಚ ಮೇಲೇ ಕಾಣಿಸಿಕೊಳ್ಳುವುದುಂಟು ಎಂದೂ ಕೇಳಿದೆ. ರಕ್ತಹೀನತೆ ಮನೆಮನೆಯಲ್ಲಿರುವ ನಾಡಿನ ಹೆಂಗಸರ ಮೇಲೆ ತಮಗೆ ಇಷ್ಟು ವಿಶೇಷ ಅಭಿಮಾನವೇಕೆ ಎಂದು ಕೇಳುವ ಧೈರ್ಯ ನನಗಿಲ್ಲ.

ವಾಕಿಂಗ್ ವಿಚಾರ ಬೇಗ ಮುಗಿಸುತ್ತೇನೆ. ‘ಬೆಳಿಗ್ಗೆ ನಲವತ್ತೈದು ನಿಮಿಷ ಬಿರುಸಾಗಿ ನಡೀರಿ’ ಎಂದು ಅಪ್ಪಣೆಯಾಗಿದೆ. ಈ ಅಪ್ಪಣೆ ಬರೆದವರು ನಮ್ಮ ಬಡಾವಣೆಯ ಫುಟ್‌ಪಾತಿನಲ್ಲಿ ನಡೆದವರಲ್ಲ. ಒಂದು ಕಡೆ ಟ್ರಾನ್ಸ್‌ಫಾರ್ಮರ್, ಇನ್ನೊಂದು ಕಡೆ ಟೀ ಅಂಗಡಿಯ ಮುಂದೆ ಕಾಲೇಜು ಹುಡುಗರ ಬೈಕುಗಳು, ನಡುವೆ ಎದ್ದು ಕೂತ ಚಪ್ಪಡಿ. ದಯಾನಂದ ಸಾಗರ್ ಕಾಲೇಜಿನ ಕಡೆಯ ಏರಿನಲ್ಲಿ ಬಿರುಸಾಗಿ ನಡೆದರೆ ಸಕ್ಕರೆಗಿಂತ ಮೊದಲು ಉಸಿರು ಇಳಿಯುತ್ತದೆ. ಆದರೂ ದೂರಲಾರೆ. ಊಟವಾದ ಮೇಲೆ ಹತ್ತು ನಿಮಿಷ ಮನೆಯ ಮುಂದೆಯೇ ಓಡಾಡಿದರೂ ಉಪಯೋಗವಿದೆ ಎಂದು ಡಾಕ್ಟರು ಆಮೇಲೆ ರಿಯಾಯಿತಿ ಕೊಟ್ಟರು.

ಈಗ ಅಸಲು ಅಹವಾಲು.

ನಾನು ಏನು ತಿಂದೆ ಎಂಬುದೆಲ್ಲ ತಮಗೆ ಗೊತ್ತು. ಏಕೆ ತಿಂದೆ, ಏಕೆ ತಿನ್ನಲಿಲ್ಲ, ಬೆಳಿಗ್ಗೆ ಏಕೆ ಏಳಲಿಲ್ಲ ಎಂಬುದಕ್ಕೆ ತಮ್ಮಲ್ಲಿ ದಶಮಾಂಶವಿಲ್ಲ. ರಾತ್ರಿ ಒಂದು ಚಮಚ ಮೆಂತ್ಯ ನೆನೆಹಾಕುತ್ತಿದ್ದೆ, ಬೆಳಿಗ್ಗೆ ಆ ನೀರು ಕುಡಿಯಲೆಂದು. ಅದೊಂದು ಲೋಟ ಸಿಂಕಿನ ಪಕ್ಕದ ಕಟ್ಟೆಯ ಮೇಲೆಯೇ ಉಳಿಯಿತು. ದಿನಾ ಅದರ ಮುಂದೆಯೇ ಕಾಫಿ ಸೋಸುತ್ತಿದ್ದೆ, ಅದರ ಪಕ್ಕದಲ್ಲೇ ಪಾತ್ರೆ ತೊಳೆಯುತ್ತಿದ್ದೆ, ಕೈ ಮಾತ್ರ ಅದರತ್ತ ಹೋಗುತ್ತಿರಲಿಲ್ಲ. ಒಂದು ದಿನ ನೋಡಿದರೆ ನೀರು ಲೋಳೆಯಾಗಿ, ಕಾಳುಗಳೆಲ್ಲ ಬಾಲ ಬಿಟ್ಟು ಮೊಳಕೆಯೊಡೆದಿದ್ದವು. ಮಗ ಕೊಡಿಸಿದ ವಾಕಿಂಗ್ ಶೂ ಲೇಸು ಬಿಚ್ಚದೆ ಬಾಗಿಲ ಹಿಂದಿತ್ತು. ಮಾತ್ರೆ ತೆಗೆದುಕೊಂಡೆನೋ ಇಲ್ಲವೋ ನೆನಪಿರುತ್ತಿರಲಿಲ್ಲ. ನೆನಪಾದರೂ ಏನು ಮಹಾ ಎನಿಸುತ್ತಿತ್ತು. ರಾತ್ರಿ ಮೂರಕ್ಕೆ ಎಚ್ಚರವಾದರೆ ಹಾಲಿನವನು ಬರುವವರೆಗೂ ಫ್ಯಾನು ನೋಡುತ್ತ ಮಲಗಿರುತ್ತಿದ್ದೆ. ಅಳು ಬರುತ್ತಿತ್ತೇ ಎಂದು ಕೇಳಬಹುದು. ಬಂದಿದ್ದರೆ ಚೆನ್ನಾಗಿತ್ತು.

ಈ ಸ್ಥಿತಿಗೆ ನಮ್ಮವರು ಪ್ರೀತಿಯಿಂದ ಇಟ್ಟ ಹೆಸರುಗಳು ಹಲವು. ‘ಶುಗರ್ ಅಂದ್ಮೇಲೆ ಸುಸ್ತು ಇದ್ದೇ ಇರುತ್ತೆ’ ಎಂದರು ನಮ್ಮನೆಯವರು. ‘ಮಗ ಹೈದರಾಬಾದಿಗೆ ಹೋದ್ನಲ್ಲ, ಅದಕ್ಕೇ’ ಎಂದರು ಅತ್ತೆ. ‘ಸೋಮಾರಿತನ ಕಣೇ, ಎದ್ದು ಓಡಾಡು’ ಎಂದಳು ಸ್ವಂತ ತಂಗಿ. ಬನಶಂಕರಿ ದೇವಸ್ಥಾನದಲ್ಲಿ ರಾಹುಕಾಲಕ್ಕೆ ನಿಂಬೆಹಣ್ಣಿನ ದೀಪ ಹಚ್ಚಿ ಬಾ ಎಂದು ಕೆಲವರು ಹೇಳಿದರು. ಹಚ್ಚಿಯೂ ಬಂದೆ; ಅಮ್ಮನವರ ಮೇಲೆ ನನಗೆ ಯಾವ ದೂರೂ ಇಲ್ಲ, ಆ ಸಾಲಿನಲ್ಲಿ ನಿಂತ ಹೆಂಗಸರ ಮುಖ ನೋಡಿದರೆ ನನ್ನಂಥವರು ಅಲ್ಲಿ ಇನ್ನೂ ಬಹಳ ಮಂದಿ ಇದ್ದರು ಅನಿಸುತ್ತದೆ. ಡಾಕ್ಟರ ಹತ್ತಿರ ಹೋದಾಗಲೆಲ್ಲ ಅವರು ಮೊದಲು ತಮ್ಮ ಮುಖ ನೋಡುತ್ತಿದ್ದರು, ಆಮೇಲೆ ನನ್ನದು. ‘ಏನಮ್ಮಾ, ಸ್ವೀಟ್ ತಿಂದ್ರಾ?’ ಎಂದು ಕೇಳಿ, ಮಾತ್ರೆ ಒಂದಿದ್ದದ್ದನ್ನು ಎರಡು ಮಾಡಿ ಕಳಿಸುತ್ತಿದ್ದರು. ಹೊರಗೆ ಇನ್ನೂ ನಲವತ್ತು ಜನ ಟೋಕನ್ ಹಿಡಿದು ಕೂತಿದ್ದರು. ಅವರನ್ನಾದರೂ ಹೇಗೆ ದೂರಲಿ?

ಆದರೆ ಸ್ವಾಮೀ, ಸಕ್ಕರೆಗೂ ಮನಸ್ಸಿಗೂ ನಂಟಿದೆ ಎಂಬುದು ಹೊಸ ಸುದ್ದಿಯೇನಲ್ಲವಲ್ಲ. ಹದಿನೇಳನೆಯ ಶತಮಾನದಲ್ಲೇ ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್ ಈ ರೋಗವನ್ನು ದೀರ್ಘಕಾಲದ ದುಃಖಕ್ಕೆ ಗಂಟುಹಾಕಿದ್ದ. ಮಧುಮೇಹ ಇರುವವರಲ್ಲಿ ಖಿನ್ನತೆ ಉಳಿದವರಿಗಿಂತ ಸುಮಾರು ಎರಡು ಪಟ್ಟು ಎಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2001ರಲ್ಲೇ ಲೆಕ್ಕ ಕೊಟ್ಟಿದ್ದಾರೆ. ಖಿನ್ನತೆ ಬಂದವರಿಗೆ ಪಥ್ಯ, ನಡಿಗೆ, ಮಾತ್ರೆ ಮೂರೂ ತಪ್ಪುತ್ತವೆ. ತಪ್ಪಿದಾಗ ತಾವು ಏರುತ್ತೀರಿ. ತಾವು ಏರಿದ್ದು ಕಂಡು ಇವರು ಇನ್ನಷ್ಟು ಕುಗ್ಗುತ್ತಾರೆ. ಮೆಟ್‌ಫಾರ್ಮಿನ್ ಎಂಬ ಶುಗರ್ ಮಾತ್ರೆ ಬಹಳ ಕಾಲ ತೆಗೆದುಕೊಂಡವರಲ್ಲಿ ವಿಟಮಿನ್ ಬಿ12 ಇಳಿಯಬಹುದು, ನಮ್ಮಂಥ ಸೊಪ್ಪು ಸಾರಿನವರಿಗೆ ಅದು ಮೊದಲೇ ಅಷ್ಟಕ್ಕಷ್ಟೆ, ಅದು ಇಳಿದರೂ ಸುಸ್ತು, ಮಂಕು. ಅದನ್ನೂ ಒಮ್ಮೆ ನೋಡಿ ಎಂದು ತಾವು ಕೆಳಗೊಂದು ಸಾಲು ಅಚ್ಚು ಹಾಕಿಸಬಹುದಿತ್ತು. ಪುಟದಲ್ಲಿ ಜಾಗ ಬೇಕಾದಷ್ಟಿದೆ, ಈಗ ಅಲ್ಲಿ ಫುಲ್ ಬಾಡಿ ಚೆಕಪ್‌ನ ಆಫರ್ ಇದೆ.

ತಮ್ಮ ಸಾಮ್ರಾಜ್ಯ ಸಣ್ಣದಲ್ಲ ಎಂಬುದನ್ನೂ ಬಲ್ಲೆ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ ಎಂದಿತು. 2015–16ರಲ್ಲಿ ನಿಮ್ಹಾನ್ಸ್ ಮುಂದೆ ನಿಂತು ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಖಿನ್ನತೆಯುಳ್ಳ ನೂರು ಜನರಲ್ಲಿ ಸುಮಾರು 85 ಮಂದಿಗೆ ಚಿಕಿತ್ಸೆಯೇ ಸಿಕ್ಕಿಲ್ಲ. ಆ ನಿಮ್ಹಾನ್ಸ್ ಇರುವುದು ಎಲ್ಲಿ? ನಮ್ಮ ಮನೆಯಿಂದ ಹತ್ತು ಕಿಲೋಮೀಟರೂ ಇಲ್ಲ. 1974ರಿಂದ ಅದೇ ಹೆಸರಿನಲ್ಲಿ ಹೊಸೂರು ರಸ್ತೆಯಲ್ಲಿ ನಿಂತಿದೆ, ದೇಶದ ಮೂಲೆಮೂಲೆಯಿಂದ ಜನ ರೈಲು ಹತ್ತಿ ಅಲ್ಲಿಗೆ ಬರುತ್ತಾರೆ. ನಾವು ಬೆಂಗಳೂರಿನವರು ಅದನ್ನು ಬೈಗುಳಕ್ಕೆ ಬಳಸುತ್ತೇವೆ. ‘ನಿನ್ನನ್ನ ನಿಮ್ಹಾನ್ಸ್‌ಗೆ ಸೇರಿಸ್ಬೇಕು’ ಎಂದು ಮಕ್ಕಳನ್ನು ಗದರಿಸದ ಮನೆ ನಮ್ಮ ರಸ್ತೆಯಲ್ಲಿಲ್ಲ.

ತಾವು ಕೇಳಲೇಬೇಕಾದ ಇನ್ನೊಂದು ಸಂಗತಿ. ದೆಹಲಿ, ಚೆನ್ನೈ, ವಿಶಾಖಪಟ್ಟಣ ಮತ್ತು ನಮ್ಮ ಬೆಂಗಳೂರಿನ ನಾಲ್ಕು ಮಧುಮೇಹ ಚಿಕಿತ್ಸಾಲಯಗಳಲ್ಲಿ, ಸಕ್ಕರೆಯೂ ಖಿನ್ನತೆಯೂ ಒಟ್ಟಿಗೇ ಇದ್ದ 404 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಮಾಮೂಲಿ ಚಿಕಿತ್ಸೆ. ಇನ್ನೊಂದಕ್ಕೆ ಹೆಚ್ಚುವರಿಯಾಗಿ ಒಬ್ಬ ಸಹಾಯಕರು. ಡಾಕ್ಟರಲ್ಲ, ತರಬೇತಿ ಪಡೆದವರು. ಅವರ ಕೆಲಸ ಆಗಾಗ್ಗೆ ಮಾತಾಡಿಸುವುದು, ಮನಸ್ಸು ಹೇಗಿದೆ, ಮಾತ್ರೆ ನುಂಗಿದಿರಾ ಎಂದು ವಿಚಾರಿಸುವುದು, ಅದನ್ನು ತಜ್ಞರಿಗೆ ಮುಟ್ಟಿಸುವುದು. ಎರಡು ವರ್ಷದ ಕೊನೆಗೆ ಖಿನ್ನತೆ ಅರ್ಧಕ್ಕೆ ಇಳಿದು ಜೊತೆಗೆ ಸಕ್ಕರೆ, ಬಿಪಿ, ಕೊಲೆಸ್ಟರಾಲ್‌ಗಳಲ್ಲಿ ಒಂದಾದರೂ ಸುಧಾರಿಸಿದವರು ಆ ಗುಂಪಿನಲ್ಲಿ ನೂರಕ್ಕೆ ಸುಮಾರು 72, ಮಾಮೂಲಿ ಗುಂಪಿನಲ್ಲಿ 57. ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ 2020ರಲ್ಲಿ ಇದು ಪ್ರಕಟವಾಯಿತು. ನಮ್ಮೂರಿನಲ್ಲೇ ನಡೆದು, ಜಗತ್ತೆಲ್ಲ ಓದಿದ ಸಂಗತಿ ನಮ್ಮ ಬೀದಿಯ ಕ್ಲಿನಿಕ್ಕಿನ ಟೋಕನ್ ಸಾಲಿಗೆ ಇನ್ನೂ ತಲುಪಿಲ್ಲ. ಹಾಗಲಕಾಯಿ ಜ್ಯೂಸು ಒಂದೇ ಬೆಳಿಗ್ಗೆ ತಲುಪಿತ್ತು.

ನನ್ನ ಪುಣ್ಯಕ್ಕೆ ಡಾಕ್ಟರ ಬಳಿ ಹೊಸದಾಗಿ ಸೇರಿದ ಡಯಟಿಷಿಯನ್ ಹುಡುಗಿ ಒಂದು ದಿನ ತಮ್ಮತ್ತ ನೋಡದೆ ನನ್ನತ್ತ ನೋಡಿದಳು. ‘ಆಂಟೀ, ರಾತ್ರಿ ನಿದ್ದೆ ಬರ್ತಾ ಇದೆಯಾ?’ ಎಂದಳು. ಆಮೇಲೆ ಡ್ರಾಯರಿನಿಂದ ಒಂದು ಹಾಳೆ ತೆಗೆದಳು. ಕಳೆದ ಎರಡು ವಾರಗಳ ಬಗ್ಗೆ ಒಂಬತ್ತು ಪ್ರಶ್ನೆ: ಯಾವುದರಲ್ಲೂ ಆಸಕ್ತಿ ಇಲ್ಲವೇ, ನಿದ್ದೆ ಹೇಗೆ, ಹಸಿವು ಹೇಗೆ, ನಾನು ಕೆಲಸಕ್ಕೆ ಬಾರದವಳು ಅನಿಸುತ್ತದೆಯೇ, ಹೀಗೆ. ಒಂದೊಂದಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ. ಬದುಕಿಗಿಂತ ಸಾವೇ ಮೇಲು ಅನಿಸುತ್ತದೆಯೇ ಎಂಬ ಒಂಬತ್ತನೆಯದನ್ನು ಆಕೆ ದನಿ ತಗ್ಗಿಸದೆ, ಉಳಿದ ಎಂಟರಂತೆಯೇ ಕೇಳಿದಳು. ಅದಕ್ಕೇ ಉತ್ತರ ಹೇಳಲು ನನಗೂ ಸಾಧ್ಯವಾಯಿತು. ಹತ್ತು ಅಂಕ ಬಂದರೆ ಮುಂದಿನ ವಿಚಾರಣೆ ಬೇಕಂತೆ. ನನಗೆ ಇಪ್ಪತ್ತೇಳಕ್ಕೆ ಹದಿನಾರು, ಸೆಕೆಂಡ್ ಕ್ಲಾಸಿಗೆ ಮೋಸವಿಲ್ಲ. ಐದು ನಿಮಿಷದ ಕೆಲಸ, ಸೂಜಿ ಬೇಡ, ಉಪವಾಸ ಬೇಡ, ಬಿಲ್ಲೂ ಬರಲಿಲ್ಲ. ಬಿಲ್ಲು ಬಾರದ ಪರೀಕ್ಷೆಯನ್ನು ಯಾವ ಪ್ಯಾಕೇಜಿನಲ್ಲಿ ಸೇರಿಸುವುದು ಎಂದು ಲ್ಯಾಬಿನವರು ಕೇಳಿದರೆ ತಪ್ಪು ಹೇಳಲಾಗದು.

ಮನೋವೈದ್ಯರ ಮಾತ್ರೆ ಶುರುವಾಯಿತು, ಜೊತೆಗೆ ವಾರಕ್ಕೊಮ್ಮೆ ಕೌನ್ಸೆಲಿಂಗ್. ಇಲ್ಲಿಯೂ ತಮ್ಮ ಘನತೆಗೆ ಕುಂದು ತಂದಿಲ್ಲ. ತಮ್ಮ ಸೇವೆಗೆ ಮೀಸಲಾದ ಶುಗರ್ ಮಾತ್ರೆಯ ಡಬ್ಬ ಈಗಲೂ ಡೈನಿಂಗ್ ಟೇಬಲ್ಲಿನ ನಡುವೆ, ಉಪ್ಪಿನಕಾಯಿ ಜಾಡಿಯ ಪಕ್ಕ, ಬಂದವರಿಗೆಲ್ಲ ಕಾಣುವಂತೆ ವಿರಾಜಮಾನವಾಗಿದೆ. ‘ನಂದು ಐನೂರು, ನಿಮ್ದೆಷ್ಟು?’ ಎಂದು ನೆಂಟರು ತಮ್ಮ ತಮ್ಮ ಡೋಸನ್ನು ಅದರ ಮುಂದೆಯೇ ಹೋಲಿಸಿಕೊಳ್ಳುತ್ತಾರೆ. ಆ ಇನ್ನೊಂದು ಮಾತ್ರೆಯ ಸ್ಟ್ರಿಪ್ಪು ಮೇಲಿನ ಶೆಲ್ಫಿನಲ್ಲಿ, ಹಬ್ಬಕ್ಕೆ ಮಾತ್ರ ತೆಗೆಯುವ ಗಸಗಸೆ ಡಬ್ಬಿಯ ಹಿಂದೆ ಇದೆ. ಎರಡೂ ಒಂದೇ ಮೆಡಿಕಲ್ ಶಾಪಿನಿಂದ, ಒಂದೇ ಚೀಟಿಯಲ್ಲಿ ಬಂದವು. ನನ್ನ ಶುಗರಿನ ಪಿಡಿಎಫ್ ಅನ್ನು ನ್ಯೂಜೆರ್ಸಿಗೆ ಕಳಿಸಿದ ನಮ್ಮನೆಯವರು ಇದನ್ನು ಮಾತ್ರ ‘ಯಾರಿಗೂ ಹೇಳೋದ್ಬೇಡ’ ಎಂದರು. ಆದರೆ ರಾತ್ರಿ ಗಸಗಸೆ ಡಬ್ಬಿ ಸರಿಸಿ ಅದನ್ನು ತೆಗೆದುಕೊಡುವವರೂ ಅವರೇ, ಶೆಲ್ಫು ನನಗೆ ಎಟಕುವುದಿಲ್ಲ.

ಮಾತ್ರೆ ಕೆಲಸ ಮಾಡಲು ಕೆಲವು ವಾರ ಹಿಡಿಯುತ್ತದೆ ಎಂದು ಮೊದಲೇ ಹೇಳಿದ್ದರು, ಹಿಡಿಯಿತು. ಒಂದು ಬೆಳಿಗ್ಗೆ ಶೂ ಲೇಸು ಕಟ್ಟಿಕೊಂಡೆ. ಯಲಚೇನಹಳ್ಳಿ ಮೆಟ್ರೋ ಕಡೆಗೆ ಅರ್ಧ ದಾರಿ ಹೋಗಿ ಸಾಕೆನಿಸಿ ವಾಪಸು ಬಂದೆ. ಮರುದಿನವೂ ಹೋದೆ, ಅದರ ಮರುದಿನ ಹೋಗಲಿಲ್ಲ. ಶುಗರ್ ಮಾತ್ರೆ ಹೊತ್ತಿಗೆ ಸರಿಯಾಗಿ ನೆನಪಾಗತೊಡಗಿತು. ತಾವೂ ದೊಡ್ಡ ಮನಸ್ಸು ಮಾಡಿ 7.4ಕ್ಕೆ ಇಳಿದು ದರ್ಶನ ಕೊಟ್ಟಿರಿ. ಪಿಡಿಎಫ್ ಯಥಾಪ್ರಕಾರ ಗುಂಪಿಗೆ ಹೋಯಿತು, ಚಪ್ಪಾಳೆಯ ಚಿತ್ರಗಳು ಸುರಿದವು. ಎದುರುಮನೆ ಆಂಟಿ ಓಡಿಬಂದು ನನ್ನ ಎರಡೂ ಕೈ ಹಿಡಿದು, ‘ನೋಡಿದ್ರಾ, ನಾನ್ ಹೇಳ್ಲಿಲ್ವಾ? ಎಲ್ಲಾ ಹಾಗಲಕಾಯಿ ಮಹಿಮೆ!’ ಎಂದರು. ಅವರ ಕಣ್ಣಲ್ಲಿ ನೀರೇ ಬಂದಿತ್ತು. ಈಗ ಅವರು ನನ್ನ 9.2 ಮತ್ತು 7.4 ಎರಡನ್ನೂ ಉದಾಹರಿಸುತ್ತ ಇಡೀ ಕ್ರಾಸಿಗೆ ಜ್ಯೂಸು ಕುಡಿಸುತ್ತಿದ್ದಾರೆ.

ಆದ್ದರಿಂದ ತಮ್ಮಲ್ಲಿ ಕೆಳಕಂಡ ಬೇಡಿಕೆಗಳನ್ನು ಇಡುತ್ತಿದ್ದೇನೆ. ತಮ್ಮ ಸಾಲಿನ ಕೆಳಗೆ ಆ ಒಂಬತ್ತು ಪ್ರಶ್ನೆಗಳಿಗೂ ಜಾಗ ಕೊಡಿಸಿ. ಅಷ್ಟಾಗದಿದ್ದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನಾದರೂ ಅಚ್ಚು ಹಾಕಿಸಿ. 2022ರ ಅಕ್ಟೋಬರ್ 10ರಿಂದ ಅದು ನಡೆಯುತ್ತಿದೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಡಾಕ್ಟರು ತಮ್ಮನ್ನು ನೋಡುವ ಮೊದಲು ರೋಗಿಯನ್ನು ನೋಡುವಂತೆ ತಮ್ಮ ಪ್ರಭಾವ ಬಳಸಿ. ಮುಂದಿನ ಪರೀಕ್ಷೆ ದೀಪಾವಳಿಯಾದ ಮರುವಾರವೇ ಬಿದ್ದಿದೆ. ಅದನ್ನು ಕಾರ್ತಿಕ ಮುಗಿಯುವವರೆಗೆ ಮುಂದೂಡಲು ಸಾಧ್ಯವೇ ಎಂಬುದನ್ನೂ ಸಹಾನುಭೂತಿಯಿಂದ ಪರಿಶೀಲಿಸಬೇಕಾಗಿ ಪ್ರಾರ್ಥನೆ.

ಇಂತಿ ತಮ್ಮ ವಿಧೇಯಳು,
ಟೋಕನ್ ಸಂಖ್ಯೆ 23,
ಕುಮಾರಸ್ವಾಮಿ ಲೇಔಟ್ ಎರಡನೇ ಹಂತ, ಬೆಂಗಳೂರು.

ಅಡಕ:
ಒಂಬತ್ತು ಪ್ರಶ್ನೆಗಳ ಹಾಳೆ, ಭರ್ತಿ ಮಾಡಿದ್ದು.
ಹಾಗಲಕಾಯಿ ಜ್ಯೂಸು ಮಾಡುವ ವಿಧಾನ, ಎದುರುಮನೆಯವರ ಒತ್ತಾಯದ ಮೇರೆಗೆ.